ಇಪ್ಪತ್ತೆಂಟನೆಯ ದಿನದ ಇಲಿಗಳು

ನಮ್ಮ ಊರಿನಲ್ಲಿ ನಲವತ್ತೈದು ದಾಟಿದವರು ನಡೆಯುತ್ತ ನಡೆಯುತ್ತ ನಿಂತುಬಿಡುತ್ತಾರೆ. ಎಲ್ಲರೂ ಅಲ್ಲ, ಮೂವರಲ್ಲಿ ಒಬ್ಬರು. ಎತ್ತಿದ ಹೆಜ್ಜೆ ಕೆಳಗಿಳಿಯುತ್ತದೆ, ಮುಂದಿನದು ಏಳುವುದಿಲ್ಲ. ಕಣ್ಣು ಆಡುತ್ತದೆ, ಬಾಯಿ ಆಡುತ್ತದೆ, ಮಾತು ತಿಳಿಯುತ್ತದೆ, ಕಾಲು ಮಾತ್ರ ನೆಲಕ್ಕೆ ಹತ್ತಿಕೊಂಡಿರುತ್ತದೆ. ಕೆಲವರಿಗೆ ಐದು ನಿಮಿಷ, ಕೆಲವರಿಗೆ ಅರ್ಧ ದಿನ. ಇದಕ್ಕೆ ನಾವು ನಿಲುವು ಎನ್ನುತ್ತೇವೆ. ‘ಅವರಿಗೆ ನಿಲುವು ಬಂದೈತಿ’ ಎಂದರೆ ಬೇರೆ ಊರಿನಲ್ಲಿ ಕನ್ನಡಕ ಬಂದಿದೆ ಎಂದ ಹಾಗೆ. ಕೇಳಿದವರು ಅಯ್ಯೋ ಎನ್ನುವುದಿಲ್ಲ, ಎಷ್ಟು ಹೊತ್ತಿನದು ಎಂದು ಕೇಳುತ್ತಾರೆ.

ನಿಂತ ಕಾಲಿನ ಮುಂದೆ ಒಂದು ಅಡ್ಡಗೆರೆ ಕಂಡರೆ ಅದನ್ನು ದಾಟಲು ಕಾಲು ಏಳುತ್ತದೆ. ಆದ್ದರಿಂದ ಪುರಸಭೆಯವರು ಪ್ರತಿ ತಿಂಗಳು ಬೀದಿಗಳಿಗೆ ಮೊಳಕ್ಕೊಂದರಂತೆ ಸುಣ್ಣದ ಗೆರೆ ಎಳೆಯುತ್ತಾರೆ. ಮನೆಗಳಲ್ಲಿ ಪಡಸಾಲೆಯಿಂದ ಬಚ್ಚಲಿನವರೆಗೆ ಬಣ್ಣದ ಪಟ್ಟಿಗಳಿವೆ. ಗೆರೆಯಿಲ್ಲದ ಕಡೆ ಯಾರಾದರೂ ನಿಂತರೆ ಹತ್ತಿರ ಇದ್ದವರು ತಮ್ಮ ಪಾದವನ್ನು ಅವರ ಪಾದದ ಮುಂದೆ ಅಡ್ಡ ಇಟ್ಟು, ಬೇರೆ ಕಡೆ ನೋಡುತ್ತಾರೆ. ನಿಂತವರು ಅದನ್ನು ದಾಟಿ ತಮ್ಮ ದಾರಿ ಹಿಡಿಯುತ್ತಾರೆ. ಉಪಕಾರವಾಯಿತು ಎಂದು ಹೇಳುವ ಪದ್ಧತಿಯಿಲ್ಲ. ಬಿಸಿಲಿದ್ದರೆ ಛತ್ರಿ ಇರುವವರು ನೆರಳು ಹಿಡಿಯಬೇಕು. ಮದುವೆ ಪತ್ರಿಕೆಯಲ್ಲಿ ಮುಹೂರ್ತಕ್ಕೆ ಎರಡು ತಾಸು ಆಚೀಚೆ ಇಟ್ಟೇ ಅಚ್ಚು ಹಾಕಿಸುತ್ತಾರೆ. ಹುಡುಗಿಯ ಅಪ್ಪ ಯಾವ ಕಂಬದ ಹತ್ತಿರ ನಿಲ್ಲುತ್ತಾನೋ ಯಾರು ಹೇಳಬೇಕು?

ನನ್ನ ಹೆಸರು ಹೂವಕ್ಕ. ಏಳನೆಯ ಇಯತ್ತೆಯವರೆಗೆ ಓದಿದ್ದೇನೆ, ಅಕ್ಷರ ದುಂಡಗಿವೆ. ಊರ ಅಂಚಿನಲ್ಲಿರುವ ಸಂಶೋಧನಾ ಸಂಸ್ಥೆಯ ಇಲಿಮನೆಯಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದೆ. ಕಾಳು ಹಾಕುವುದು, ನೀರಿನ ಬಾಟಲಿ ತೊಳೆಯುವುದು, ಪೆಟ್ಟಿಗೆಯ ಹೊಟ್ಟು ಬದಲಿಸುವುದು, ಡಾಕ್ಟರುಗಳು ಹೇಳಿದ ದಿನ ಇಲಿಗಳನ್ನು ಸಾಯಿಸಿಕೊಡುವುದು. ಸಾವಿರಾರು ಇಲಿಗಳನ್ನು ಕೈಯಾರೆ ಸಾಯಿಸಿದ್ದೇನೆ. ಅದಕ್ಕಾಗಿ ನಾನು ಅತ್ತವಳಲ್ಲ. ಹಿಡಿತ ಗಟ್ಟಿಯಿರಬೇಕು, ಇಲಿಗೆ ಹೆದರಿಕೆ ಆಗಬಾರದು, ಅಷ್ಟೇ ನನ್ನ ಲೆಕ್ಕ.

ನನ್ನ ಗಂಡ ಗುರುಸಿದ್ದಪ್ಪ ದರ್ಜಿ. ಅವರಿಗೆ ನಿಲುವು ಬಂದು ಆರು ವರ್ಷವಾಗಿತ್ತು. ಹೊಲಿಗೆ ಯಂತ್ರದ ಮೇಲೆ ಕಾಲಿಟ್ಟವರು ಅಂಗಿಯ ಅರ್ಧ ತೋಳಿಗೇ ನಿಂತುಬಿಡುತ್ತಿದ್ದರು. ಯಂತ್ರದ ಕಾಲುಮಣೆಗೆ ಗೆರೆ ಎಳೆದರೂ ಉಪಯೋಗವಾಗಲಿಲ್ಲ. ಗೆರೆ ದಾಟಲು ಆಗುತ್ತದೆ, ತುಳಿಯಲು ಆಗುವುದಿಲ್ಲ. ಊರಿಗೆಲ್ಲ ಕೊಡುತ್ತಿದ್ದ ಹಳೆಯ ಗುಳಿಗೆ ಅವರಿಗೆ ಬೆಳಿಗ್ಗೆ ಎರಡು ತಾಸು ಕೆಲಸ ಮಾಡುತ್ತಿತ್ತು. ಆ ಎರಡು ತಾಸಿನಲ್ಲಿ ಅವರು ಹೊಲಿಯುತ್ತಿದ್ದುದನ್ನು ನೋಡಬೇಕಿತ್ತು. ಮೈಯೆಲ್ಲ ಬೆವರು, ಬಾಯಲ್ಲಿ ದಾರ, ಯಾರು ಮಾತಾಡಿಸಿದರೂ ಕೈ ಅಡ್ಡ. ಆಮೇಲೆ ಮತ್ತೆ ಕಲ್ಲು.

ಆ ಗುಳಿಗೆ ಯಾಕೆ ಎರಡೇ ತಾಸು ಎಂದು ನನಗೆ ತಿಳಿಸಿ ಹೇಳಿದವರು ಡಾಕ್ಟರ್ ಜುಲೇಖಾ. ಸಂಸ್ಥೆಗೆ ಬಂದು ನಾಲ್ಕು ವರ್ಷವಾಗಿದ್ದ ಎಳೆಯ ವಯಸ್ಸಿನ ರಸಾಯನ ತಜ್ಞೆ. ಮಧ್ಯಾಹ್ನ ಇಲಿಮನೆಯ ಮೆಟ್ಟಿಲ ಮೇಲೆ ನನ್ನ ಜೊತೆ ಕೂತು ರೊಟ್ಟಿ ತಿನ್ನುತ್ತಿದ್ದರು.

“ಹೂವಕ್ಕ, ತಲಿಯೊಳಗ ಡೋಪಾಮಿನ್ ಅಂತ ಒಂದ ರಸ ಐತಿ. ಅದು ಕಡಿಮಿ ಆದರ ಕಾಲಿಗೆ ಹುಕುಂ ಮುಟ್ಟೂದಿಲ್ಲ.”

“ಹಂಗಾರ ಅದನ್ನ ಕುಡಿಸಿಬಿಡ್ರಿ.”

“ಕುಡಿಸಿದರ ತಲಿಯೊಳಗ ಹೋಗೂದಿಲ್ಲ. ಬಾಗಿಲದಾಗ ಕಾವಲ ಐತಿ. ಮೊಸರು ತಂದರ ಒಳಗ ಬಿಡಂಗಿಲ್ಲ, ಹಾಲು ತಂದರ ಬಿಡತಾನ ಅಂತ ತಿಳ್ಕೋರಿ. ಅದಕ್ಕ ನಾವು ಹಾಲು ಕೊಡತೇವಿ. ಒಳಗ ಹೋಗಿ ಅದೇ ಹೆಪ್ಪಾಗತೈತಿ. ಹಳೇ ಗುಳಿಗಿ ಅಂದರ ಆ ಹಾಲು.”

“ಮತ್ತ್ಯಾಕ ಸಾಲೂದಿಲ್ಲ?”

“ದಾರ್‍ಯಾಗ ಹೊಟ್ಟಿ, ರಕ್ತ ಎಲ್ಲಾ ಅದನ್ನ ಕುಡದ ಬಿಡತಾವ. ಬಾಗಲಿಗೆ ಹೋಗಿ ಮುಟ್ಟೂದು ಒಂದ ಗುಟುಕು.”

ಅವರು ಆ ಹಾಲಿಗೆ ಒಂದು ಬಾಲ ಅಂಟಿಸಿದ್ದರು. ಹಾಗೇ ಹೇಳಿದ್ದು, ಬಾಲ ಎಂದು. ಬಾಲ ಇದ್ದರೆ ಹೊಟ್ಟೆಗೆ ಅದು ತಿನ್ನುವ ವಸ್ತು ಎಂದು ಗೊತ್ತಾಗುವುದಿಲ್ಲ. ಬಾಗಿಲು ದಾಟಿದ ಮೇಲೆ ಬಾಲ ಮೆಲ್ಲಗೆ ಕಳಚಿ ಬೀಳುತ್ತದೆ. ಆ ಹೊಸ ಔಷಧಕ್ಕೆ ಕಾಗದದಲ್ಲಿ ಒಂದು ಉದ್ದನೆಯ ಹೆಸರಿತ್ತು. ನಾನು ಬಾಲದ ಪುಡಿ ಎಂದೆ, ಕೊನೆಗೆ ಎಲ್ಲರೂ ಹಾಗೇ ಕರೆದರು.

ಪುಡಿಯನ್ನು ಇಲಿಗಳ ಮೇಲೆ ನೋಡಲು ಮೊದಲು ಇಲಿಗಳಿಗೆ ನಿಲುವು ತರಿಸಬೇಕಿತ್ತು. ಅದಕ್ಕೊಂದು ಸೂಜಿಯಿದೆ. ಹಾಕಿದ ವಾರದೊಳಗೆ ಇಲಿ ಪೆಟ್ಟಿಗೆಯ ಮೂಲೆಯಲ್ಲಿ ಬೆನ್ನು ಗೂನಿಸಿ ನಿಂತುಬಿಡುತ್ತದೆ. ಕಡ್ಡಿಯ ತುದಿಯಲ್ಲಿ ತಲೆ ಮೇಲಾಗಿ ಇಟ್ಟರೆ ತಿರುಗಿ ಕೆಳಗಿಳಿಯಲು ಬಾರದೆ ಅಲ್ಲೇ ಅಪ್ಪಿಕೊಂಡಿರುತ್ತದೆ. ನಲವತ್ತೆರಡು ಪೆಟ್ಟಿಗೆ ಮಾಡಿದೆವು, ಪೆಟ್ಟಿಗೆಗೊಂದು ಕಪ್ಪು ಇಲಿ. ಒಂದರಿಂದ ಮೂವತ್ತರವರೆಗಿನ ಇಲಿಗಳನ್ನು ಪುಡಿ ಶುರುವಾದ ಇಪ್ಪತ್ತೊಂದನೆಯ ದಿನ ಸಾಯಿಸಿ ಮಿದುಳು ನೋಡುವುದು, ಮೂವತ್ತೊಂದರಿಂದ ನಲವತ್ತೆರಡರವರೆಗಿನ ಹನ್ನೆರಡನ್ನು ಇಪ್ಪತ್ತೆಂಟನೆಯ ದಿನ ನೋಡುವುದು ಎಂದು ಮುಖ್ಯಸ್ಥರಾದ ಡಾಕ್ಟರ್ ಕಟಗೇರಿಯವರೇ ಬರೆದುಕೊಟ್ಟಿದ್ದರು.

ಪುಡಿ ಶುರುವಾದ ಮೂರನೆಯ ದಿನಕ್ಕೆ ಇಲಿಗಳು ಓಡಿದವು. ಕಡ್ಡಿಯಿಂದ ಸರ್ರನೆ ಇಳಿದವು. ತಿರುಗುವ ದಂಡದ ಮೇಲೆ ಹಿಂದೆ ಹಳೆಯ ಗುಳಿಗೆ ಕೊಟ್ಟು ನೋಡಿದ್ದ ಇಲಿಗಳು ಅರ್ಧ ನಿಮಿಷಕ್ಕೆ ಬಿದ್ದಿದ್ದರೆ ಇವು ನಾಲ್ಕು ನಿಮಿಷ ನಿಂತವು. ಜುಲೇಖಾ ಮೇಡಂ ನನ್ನನ್ನು ಅಪ್ಪಿಕೊಂಡರು, ಅವರ ಕನ್ನಡಕ ನನ್ನ ಭುಜಕ್ಕೆ ಒತ್ತಿ ಗುರುತು ಬಿತ್ತು.

ನಾನು ಮಾಡುತ್ತಿದ್ದ ಕೆಲಸ ಒಂದಿತ್ತು, ಅದನ್ನು ಯಾರೂ ಹೇಳಿಕೊಟ್ಟಿದ್ದಲ್ಲ. ಪ್ರತಿ ಸಂಜೆ ಪೆಟ್ಟಿಗೆಗೆ ಒಂದು ತುಂಡು ಹತ್ತಿ ಹಾಕುತ್ತಿದ್ದೆ. ಸುಖವಾಗಿರುವ ಇಲಿ ಅದನ್ನು ಬಿಡಿಸಿ ಬಟ್ಟಲಿನಂಥ ಗೂಡು ಕಟ್ಟುತ್ತದೆ. ನೋವಿರುವ ಇಲಿ ಹತ್ತಿಯನ್ನು ಮುಟ್ಟುವುದಿಲ್ಲ. ಬೆಳಿಗ್ಗೆ ಬಂದು ಪೆಟ್ಟಿಗೆ ಪೆಟ್ಟಿಗೆಯ ಗೂಡನ್ನು ಕಾಳಿನ ಪುಸ್ತಕದ ಅಂಚಿನಲ್ಲಿ ಬರೆಯುತ್ತಿದ್ದೆ: ಪೂರ್ತಿ ಗೂಡು, ಅರೆ ಗೂಡು, ಇಲ್ಲ. ಹತ್ತೊಂಬತ್ತು ವರ್ಷದಿಂದ ಬರೆದಿದ್ದೆ. ಪುಡಿ ತಿಂದ ಇಲಿಗಳು ಎರಡನೆಯ ವಾರ ಪೂರ್ತಿ ಗೂಡು ಕಟ್ಟಿದವು. ಆ ದಿನ ಮನೆಗೆ ಹೋಗಿ ಗಂಡನಿಗೆ ಹೇಳಿದೆ. ಹೇಳಬಾರದಿತ್ತೇನೋ. ಮರುದಿನವೇ ಅವರು ಗೆರೆ ಗೆರೆ ದಾಟಿಕೊಂಡು ಸಂಸ್ಥೆಗೆ ಹೋಗಿ, ಮನುಷ್ಯರಿಗೆ ಪುಡಿ ಕೊಡುವಾಗ ನನ್ನ ಹೆಸರು ಮೊದಲು ಬರೆಯಿರಿ ಎಂದು ಬರೆಸಿ ಬಂದರು. ವಾರದೊಳಗೆ ಪಟ್ಟಿಯಲ್ಲಿ ಅರವತ್ತು ಹೆಸರಾದವು.

ಇಪ್ಪತ್ತೊಂದನೆಯ ದಿನ ಮೂವತ್ತು ಇಲಿಗಳ ಮಿದುಳು ನೋಡಿದರು. ಡೋಪಾಮಿನ್ ತುಂಬಿಕೊಂಡಿತ್ತು. ಸಂಸ್ಥೆಯಲ್ಲಿ ಪೇಢೆ ಹಂಚಿದರು. ಮುಂದಿನ ತಿಂಗಳ ಮೊದಲ ಸೋಮವಾರ ಅರವತ್ತು ಜನಕ್ಕೆ ಪುಡಿ ಕೊಡುವುದೆಂದು ಬೋರ್ಡು ಹಾಕಿದರು.

ಉಳಿದ ಹನ್ನೆರಡು ಇಲಿಗಳ ಪೆಟ್ಟಿಗೆಯಲ್ಲಿ ಇಪ್ಪತ್ತಮೂರನೆಯ ದಿನ ಮೊದಲ ಸಲ ಹತ್ತಿ ಮುಟ್ಟದೆ ಬಿದ್ದಿತ್ತು. ಮೂವತ್ತೊಂದನೆಯ ಪೆಟ್ಟಿಗೆ. ನಾನು ‘ಇಲ್ಲ’ ಎಂದು ಬರೆದೆ. ಮರುದಿನ ನಾಲ್ಕು ಪೆಟ್ಟಿಗೆ. ಇಪ್ಪತ್ತಾರನೆಯ ದಿನಕ್ಕೆ ಒಂದರಲ್ಲೂ ಗೂಡಿಲ್ಲ. ಇಲಿಗಳು ನಿಂತಿರಲಿಲ್ಲ, ನಿಲ್ಲಲು ಅವಕ್ಕೆ ಆಗುತ್ತಿರಲಿಲ್ಲ. ಬಾಯಲ್ಲಿ ಏನೂ ಇಲ್ಲದೆ ದವಡೆ ಅಗಿಯುತ್ತಿದ್ದವು. ಕುತ್ತಿಗೆ ಎಡಕ್ಕೆ ತಿರುಚಿಕೊಂಡು, ಮುಂಗಾಲು ಒಂದನ್ನು ಗಾಳಿಯಲ್ಲಿ ಎತ್ತಿ, ಇದ್ದಲ್ಲೇ ಸುತ್ತುತ್ತಿದ್ದವು. ಪುಡಿಯ ಹೊತ್ತು ಮುಗಿಯುತ್ತ ಬಂದಂತೆ ಮೂಲೆಗೆ ಹೋಗಿ ಮೊದಲಿಗಿಂತ ಗಟ್ಟಿಯಾಗಿ ನಿಂತುಬಿಡುತ್ತಿದ್ದವು. ನಿದ್ದೆ ಇಲ್ಲ. ಮೂವತ್ತಾರನೆಯದು ತನ್ನ ಪಾದವನ್ನೇ ಕಚ್ಚಿಕೊಂಡಿತ್ತು.

ಜುಲೇಖಾ ಮೇಡಂ ಬಂದು ನೋಡಿ ಬಿಳಿಚಿಕೊಂಡರು. ಇಬ್ಬರೂ ಕಟಗೇರಿ ಸಾಹೇಬರ ಕೋಣೆಗೆ ಹೋದೆವು. ಅವರು ಪುಸ್ತಕ ತೆರೆಯಲೇ ಇಲ್ಲ.

“ವರದಿ ಇಪ್ಪತ್ತೊಂದ ದಿನಕ್ಕ ಮುಗದೈತಿ. ಹೊಸ ಔಷಧ ಅಂದರ ಆಚೀಚೆ ಆಗತೈತಿ. ಕಾಳಿನ ಪುಸ್ತಕದಾಗ ಬರದಿದ್ದು ಪ್ರಯೋಗದ ಲೆಕ್ಕ ಅಲ್ಲ, ಹೂವಕ್ಕ.”

“ಇಪ್ಪತ್ತೆಂಟ ದಿನಾ ಅಂತ ನೀವ ಬರದ ಕೊಟ್ಟಿದ್ರಿ, ಸಾಹೇಬ್ರ.”

ಅವರು ಮೇಡಂ ಕಡೆ ತಿರುಗಿ ಅವರ ನೌಕರಿ ಈ ವರ್ಷ ಖಾಯಂ ಆಗಬೇಕಾಗಿರುವುದನ್ನು ನೆನಪಿಸಿದರು. ಮೇಡಂ ತಲೆ ತಗ್ಗಿಸಿದರು. ನಾನು ಪುಸ್ತಕ ಎತ್ತಿಕೊಂಡು ಬಂದೆ.

ಇಪ್ಪತ್ತೆಂಟನೆಯ ದಿನ ಶುಕ್ರವಾರ. ಬೆಳಿಗ್ಗೆ ಹತ್ತಕ್ಕೆ ಸಾಹೇಬರೇ ಇಲಿಮನೆಗೆ ಬಂದರು. ಹತ್ತೊಂಬತ್ತು ವರ್ಷದಲ್ಲಿ ಅವರು ಅಲ್ಲಿಗೆ ಬಂದದ್ದು ಮೂರು ಸಲ ಇರಬಹುದು. ಬಾಗಿಲಲ್ಲಿ ನಿಂತು ಹೇಳಿದರು: “ಈ ಹನ್ನೆರಡೂ ಇವತ್ತ ತಗದಬಿಡ್ರಿ. ಮಿದುಳು ಬ್ಯಾಡ. ಭಟ್ಟಿಗೆ ಹಾಕ್ರಿ.”

“ಆಗೂದಿಲ್ಲ,” ಎಂದೆ.

“ಏನಂದ್ರಿ?”

“ಸಾಯಸೂದು ನನಗ ಹೊಸದಲ್ಲರಿ, ಸಾಹೇಬ್ರ. ಲೆಕ್ಕ ಬರೀದ ಸಾಯಸೂದು ಹೊಸದು. ಇವುಗಳ ತಲಿಯೊಳಗ ಏನೈತಿ ಅಂತ ಬರಕೊಂಡ ಮ್ಯಾಲೆ ಹೇಳ್ರಿ, ಈಗಿಂದೀಗ ಸಾಯಸತೇನಿ.”

“ಹಂಗಾರ ನಾಳಿಯಿಂದ ಬರಬ್ಯಾಡ್ರಿ.”

“ಆತು.”

ಅವರು ತಿರುಗಿ ಹೋಗಬೇಕಿತ್ತು. ಹೋಗಲಿಲ್ಲ. ನಾನು ನೀರಿನ ಬಾಟಲಿ ತೊಳೆದು ಮುಗಿಸಿದೆ. ಅವರು ಅಲ್ಲೇ ಇದ್ದರು. ಆಗ ಅವರ ಕಾಲು ನೋಡಿದೆ. ಇಲಿಮನೆಗೆ ಬರುತ್ತಿದ್ದವರಲ್ಲಿ ಯಾರಿಗೂ ನಿಲುವಿಲ್ಲದ್ದರಿಂದ ಆ ಬಾಗಿಲಿಗೆ ಯಾರೂ ಗೆರೆ ಎಳೆದಿರಲಿಲ್ಲ. ಸಾಹೇಬರ ಹಣೆಯಲ್ಲಿ ಬೆವರು ಮೂಡಿತ್ತು, ಕಣ್ಣು ಅತ್ತಿತ್ತ ಆಡುತ್ತಿತ್ತು.

“ಎಷ್ಟ ದಿನಾ ಆತ್ರಿ?” ಎಂದು ಕೇಳಿದೆ.

“ಯಾರಿಗೂ ಹೇಳಬ್ಯಾಡ,” ಎಂದರು. ಅಲ್ಲಿಯವರೆಗೆ ನನ್ನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದವರು. “ಎಂಟ ತಿಂಗಳಾತು. ಮೀಟಿಂಗಿನಾಗ ನಿಂತಬಿಟ್ಟರ ನಾಳೆ ಯಾರು ನನ್ನ ಮಾತ ಕೇಳತಾರ? ನನಗ ಐವತ್ತೆಂಟು. ಎಷ್ಟ ಅಂತ ಕಾಯಲಿ, ಹೂವಕ್ಕ?”

ನಾನು ಹೋಗಿ ನನ್ನ ಪಾದವನ್ನು ಅವರ ಪಾದದ ಮುಂದೆ ಅಡ್ಡ ಇಟ್ಟು ಗೋಡೆಯ ಕಡೆ ನೋಡಿದೆ. ಅವರು ದಾಟಿದರು. ನಾಲ್ಕು ಹೆಜ್ಜೆ ನಡೆದ ಮೇಲೆ ಅವರ ಧ್ವನಿ ಮೊದಲಿನಂತಾಯಿತು. “ಸಂಜಿ ಐದರೊಳಗ ಬೀಗದ ಕೈ ಆಫೀಸಿಗೆ ಕೊಡ್ರಿ,” ಎಂದು ಹೇಳಿ ಹೊರಟುಹೋದರು.

ಬೀಗದ ಕೈ ನಾನು ಐದಕ್ಕೇ ಕೊಟ್ಟೆ. ಆದರೆ ಹನ್ನೆರಡಕ್ಕೆ ಜುಲೇಖಾ ಮೇಡಂ ಬಂದಿದ್ದರು. ಅತ್ತು ಕಣ್ಣು ಊದಿದ್ದವು. ಕೈಗವಸು ಹಾಕಿಕೊಂಡರು. ಆರು ಇಲಿಗಳಿಗೆ ಪುಡಿ ಕೊಟ್ಟು ಒಂದು ತಾಸು ಕಾದೆವು, ಇನ್ನಾರಕ್ಕೆ ಕೊಡಲಿಲ್ಲ. ನಾನು ಹಿಡಿದೆ, ಅವರು ಮಿದುಳು ತೆಗೆದು ಯಂತ್ರಕ್ಕೆ ಸಿದ್ಧ ಮಾಡಿದರು. ಸಾಹೇಬರು ಆ ಮಧ್ಯಾಹ್ನವೆಲ್ಲ ಪುರಸಭೆಯ ಸಭೆಯಲ್ಲಿದ್ದರು.

ಶನಿವಾರ ಮಧ್ಯಾಹ್ನ ಮೇಡಂ ನಮ್ಮ ಮನೆಗೆ ಬಂದರು. ಗಂಡ ಯಂತ್ರದ ಮುಂದೆ ನಿಂತ ಸ್ಥಿತಿಯಲ್ಲಿದ್ದರು. ಮೇಡಂ ಕಾಗದ ಬಿಡಿಸಿ ನನಗೆ ಗೊತ್ತಾಗುವ ಹಾಗೆ ಓದಿ ಹೇಳಿದರು. ಗಟ್ಟಿಮುಟ್ಟಾದ ಇಲಿಯ ತಲೆಯಲ್ಲಿ ಡೋಪಾಮಿನ್ ನೂರು ಎಂದು ಇಟ್ಟುಕೊಂಡರೆ ಸೂಜಿ ಹಾಕಿದ ಇಲಿಯಲ್ಲಿ ಹದಿನೈದು. ಬಾಲದ ಪುಡಿ ತಿಂದು ಒಂದು ತಾಸಿಗೆ ಮುನ್ನೂರಾ ಹತ್ತು. ಮುಂದಿನ ಪುಡಿ ಸಿಗುವ ಮುಂಚೆ ಎಂಟು.

“ಹದಿನೈದು ಇದ್ದದ್ದು ಎಂಟಕ್ಕ ಇಳೀತು,” ಎಂದರು. “ಹೊರಗಿಂದ ಮಹಾಪೂರ ಬಂದ ಮ್ಯಾಲೆ ಒಳಗಿನ ಸೆಲಿ ಬತ್ತೇತಿ. ಬಾಲ ನಾನ ಅಂಟಿಸಿದ್ದು, ಅಕ್ಕ. ಮೆಲ್ಲಕ ಕಳಚತೈತಿ ಅಂತ ತಿಳಕೊಂಡಿದ್ದೆ. ವಾರ ಕಳದಂಗ ಎಲ್ಲಾ ಒಮ್ಮೆಲೇ ಕಳಚಾಕ ಹತ್ತೇತಿ.”

ಅವರು ಹೋದ ಮೇಲೆ ಗಂಡ ಮಾತಾಡಿದರು. ಎಲ್ಲ ಕೇಳಿಸಿಕೊಂಡಿದ್ದರು.

“ಇಲಿ ಕುತ್ತಿಗಿ ತಿರುವಿದರ ನನಗೇನ? ಆರ ವರ್ಷದಿಂದ ನಿಂತೇನಿ, ಹೂವಿ. ಕುತ್ತಿಗಿ ತಿರುವಿಕೊಂಡಾದರೂ ನಡೀತೇನಿ.”

“ನಡೀರಿ. ನಾ ಬ್ಯಾಡ ಅನ್ನಂಗಿಲ್ಲ. ಗೊತ್ತಾಗಿ ನಡೀರಿ.”

“ಈಗ ಗೊತ್ತಾತಲ್ಲ.”

“ನಿಮ್ಮ ಹೇಂತಿ ಇಲಿ ಸಾಕತಾಳ, ಅದಕ್ಕ ನಿಮಗ ಗೊತ್ತಾತು. ಉಳದ ಐವತ್ತೊಂಬತ್ತ ಮಂದಿಗೆ ಯಾರು ಹೇಳತಾರ?”

“ನೀ ಹೇಳಿದರ ಅವರು ಪುಡಿನ ನಿಲ್ಲಸತಾರ. ನನ್ನ ಪುಡಿನೂ ನಿಲ್ಲತೈತಿ.”

ಅವರು ಹೇಳಿದ್ದು ನಿಜವಾಗಿತ್ತು. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ನಾನು ಅವರಿಗೆ ಊಟಕ್ಕೆ ಬನ್ನಿ ಎನ್ನದೆ ತಾಟು ಮುಂದಿಟ್ಟದ್ದು ಅವತ್ತೇ. ಅವರೂ ಉಣ್ಣಲಿಲ್ಲ.

ಪುಡಿ ಕೊಡುವ ಸೋಮವಾರ ಬೆಳಕು ಹರಿಯುವಾಗ ಒಲೆಯಿಂದ ಇದ್ದಿಲು ತೆಗೆದು ಬುಟ್ಟಿಗೆ ಹಾಕಿಕೊಂಡು ಹೊರಬಿದ್ದೆ. ಬಸ್‌ ನಿಲ್ದಾಣದಿಂದ ಸಂಸ್ಥೆಯ ಗೇಟಿನವರೆಗೆ ಪೇಟೆಬೀದಿಯಲ್ಲಿ ಹೊಸದಾಗಿ ಸುಣ್ಣದ ಗೆರೆ ಎಳೆದಿದ್ದರು, ಒಂದೊಂದು ಗೇಣಗಲ. ಮೊಣಕಾಲೂರಿ ಮೊದಲ ಗೆರೆಯ ಮೇಲೆ ಬರೆದೆ: ‘ಪೆಟ್ಟಿಗೆ ೩೧. ದಿನ ೧೪. ಪೂರ್ತಿ ಗೂಡು.’ ಮುಂದಿನ ಗೆರೆ: ‘ದಿನ ೨೩. ಗೂಡು ಇಲ್ಲ.’ ಅದರ ಮುಂದೆ: ‘ದಿನ ೨೬. ದವಡೆ ಅಗಿಯುತ್ತದೆ. ನಿದ್ದೆ ಇಲ್ಲ.’ ಹೀಗೆ ಹನ್ನೆರಡು ಇಲಿಗಳದೂ ಬರೆದೆ. ಪ್ರತಿ ಇಲಿ ಮುಗಿದ ಮೇಲೆ ಒಂದು ಗೆರೆಯಲ್ಲಿ ‘ಇದನ್ನು ತಿಳಿದು ಪುಡಿ ತಗೊಳ್ಳಿ’ ಎಂದು ಬರೆದೆ. ಎಂಟು ಗಂಟೆಗೆ ಮುಗಿಯಿತು. ಮೊಣಕಾಲಿನ ತೊಗಲು ಕಿತ್ತು ಸೀರೆಗೆ ರಕ್ತ ಹತ್ತಿತ್ತು.

ಪಟ್ಟಿಯಲ್ಲಿದ್ದವರು ಹೊಸ ಬಟ್ಟೆ ತೊಟ್ಟು ಬರತೊಡಗಿದರು. ನಿಲುವು ಇರುವವರು ಗೆರೆ ನೋಡದೆ ಹೆಜ್ಜೆ ಇಡುವ ಹಾಗಿಲ್ಲ. ನೋಡಿದವರು ಓದದೆ ಇರುವ ಹಾಗಿಲ್ಲ. ಗೆರೆಗೊಂದು ಹೆಜ್ಜೆ, ಹೆಜ್ಜೆಗೊಂದು ಸಾಲು. ಕೆಲವರು ಓದುತ್ತ ನಿಧಾನವಾದರು. ಒಬ್ಬ ಹೆಂಗಸು ತಮ್ಮನನ್ನು ಕೈಹಿಡಿದು ಕರೆತರುತ್ತಿದ್ದವಳು ನನ್ನ ಕಪ್ಪು ಕೈ ನೋಡಿ, “ನಿನ್ನ ಬಾಯಾಗ ಮಣ್ಣ ಬೀಳ್ಲಿ, ಇವತ್ತ ನನ್ನ ತಮ್ಮ ನಡೀತಿದ್ದ,” ಎಂದು ಬೈದಳು. ನಾನು ಪಕ್ಕಕ್ಕೆ ಸರಿದು ಅವರಿಗೆ ದಾರಿ ಬಿಟ್ಟೆ.

ಸಂಸ್ಥೆಯಿಂದ ಒಬ್ಬ ಕಾವಲುಗಾರನನ್ನು ಬಕೆಟ್ಟು, ಗೋಣಿತಾಟು ಕೊಟ್ಟು ಕಳಿಸಿದರು. ಅವನು ಗೇಟಿನ ಕಡೆಯಿಂದ ಒರೆಸುತ್ತ ಬಂದ. ಇದ್ದಿಲ ಜೊತೆ ಸುಣ್ಣವೂ ಹೋಯಿತು. ಅವನು ಹತ್ತು ಗೆರೆ ಒರೆಸುವಷ್ಟರಲ್ಲಿ ಗೇಟಿನ ಮುಂದೆ ಹದಿನಾಲ್ಕು ಜನ ನೆಟ್ಟ ಕಂಬದಂತೆ ನಿಂತುಬಿಟ್ಟರು. ಹಿಂದಿನವರು ಕೂಗಾಡಿದರು, ಯಾರೋ ಬಕೆಟ್ಟು ಕಿತ್ತುಕೊಂಡರು. ಅವನು ಬಿಟ್ಟು ಓಡಿದ.

ಅಂಗಳದಲ್ಲಿ ಕುರ್ಚಿ ಹಾಕಿದ್ದರು. ಮೇಜಿನ ಮೇಲೆ ಪುಡಿಯ ಪೊಟ್ಟಣಗಳು, ಅದರ ಹಿಂದೆ ಕಟಗೇರಿ ಸಾಹೇಬರು ಕೂತಿದ್ದರು. ನನ್ನ ಗಂಡ ಮೊದಲ ಸಾಲಿನಲ್ಲಿದ್ದರು. ನಾನು ಕಾಳಿನ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತದ್ದನ್ನು ಕಂಡು ಸಾಹೇಬರು ಎದ್ದು, ಕೆಲಸದಿಂದ ತೆಗೆದ ಸಿಟ್ಟಿಗೆ ಒಬ್ಬರು ಬೀದಿ ಹೊಲಸು ಮಾಡಿದ್ದಾರೆ, ಅದಕ್ಕೆ ಬೆಲೆ ಕೊಡಬೇಡಿ ಎಂದರು. ಆಗ ದಾವಲಸಾಬ ಮಾತಾಡಿದರು. ಮೂವತ್ತು ವರ್ಷ ಬಸ್ಸು ಓಡಿಸಿ, ನಿಲುವು ಬಂದ ಮೇಲೆ ಸ್ಟಿಯರಿಂಗ್ ಬಿಟ್ಟವರು.

“ಸಾಹೇಬ್ರ, ನನಗ ಓದಾಕ ಬರೂದಿಲ್ಲ. ಆ ಗೆರಿ ಎಲ್ಲಾ ದಾಟಿ ಬಂದೆ, ಏನ ಬರದಾಳ ಗೊತ್ತಾಗಲಿಲ್ಲ. ಆಕಿ ಓದ್ಲಿ.”

“ಅದು ಸಂಸ್ಥೆ ಪುಸ್ತಕ ಅಲ್ಲ.”

“ಇಲಿ ಸಂಸ್ಥೆವೋ ಅಲ್ಲೋ?”

“ಸಂಸ್ಥೆವು.”

“ಹಂಗಾರ ಓದ್ಲಿ.”

ಓದಿದೆ. ಮೂವತ್ತೊಂದರಿಂದ ನಲವತ್ತೆರಡರವರೆಗೆ, ದಿನ ದಿನದ್ದು. ನಾನು ಮುಗಿಸಿದ ಮೇಲೆ ಹಿಂದಿನ ಸಾಲಿನಿಂದ ಜುಲೇಖಾ ಮೇಡಂ ಎದ್ದು ಬಂದರು. ಕಾಗದ ಬಿಡಿಸಿ ಹಿಡಿದರು. ಮುನ್ನೂರಾ ಹತ್ತು, ಎಂಟು ಎಂದು ಹೇಳಿ, ಪುಡಿ ಮಾಡಿದವಳು ನಾನೇ, ಇವತ್ತು ಇದನ್ನು ನನ್ನ ತಾಯಿಗೂ ಕೊಡುವುದಿಲ್ಲ ಎಂದರು.

ಗದ್ದಲವಾಯಿತು. ಕೊಡಿ ಎಂದು ಕೆಲವರು, ಮೋಸ ಎಂದು ಕೆಲವರು. ನಾನು ಕೂಗಿ ಹೇಳಿದೆ: “ಕೊಡಬ್ಯಾಡ್ರಿ ಅನ್ನಾಕ ನಾ ಯಾರು? ಹೇಳಿ ಕೊಡ್ರಿ. ಮುಚ್ಚಿ ಕೊಡಬ್ಯಾಡ್ರಿ. ನಾವೂ ಒಂದೊಂದ ಪೆಟಗಿಯಾಗಿನ ಇಲಿನ?”

ಸಾಹೇಬರು ನನ್ನನ್ನೇ ನೋಡುತ್ತಿದ್ದರು. ಅವರಿಗೆ ನಿಲುವಿದೆ ಎಂದು ನಾನು ಒಂದು ಮಾತು ಹೇಳಿದ್ದರೆ ಅಂಗಳ ಅವರ ಮೇಲೆ ಬೀಳುತ್ತಿತ್ತು. ಅದು ಅವರ ಕಾಲಿನ ವಿಷಯ, ನಾನು ಹೇಳಲಿಲ್ಲ. ತುಸು ಹೊತ್ತಿಗೆ ಅವರೇ ಪೊಟ್ಟಣಗಳನ್ನು ಪೆಟ್ಟಿಗೆಗೆ ತುಂಬಿದರು. ತುಂಬುವಾಗ ಒಂದು ಪೊಟ್ಟಣವನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದರು. ನನ್ನ ಗಂಡ ನನ್ನ ಕಡೆ ತಿರುಗಲಿಲ್ಲ. ಹೊಸ ಅಂಗಿಯಲ್ಲಿ, ಮೊದಲ ಕುರ್ಚಿಯಲ್ಲಿ, ಎಲ್ಲರೂ ಹೋದ ಮೇಲೂ ನಿಲುವು ಬಂದವರಂತೆ ಕೂತಿದ್ದರು. ಅವರಿಗೆ ಆಗ ನಿಲುವು ಬಂದಿರಲಿಲ್ಲ.

ಹೊಸ ಇಲಿಗಳು, ಹೊಸ ಪ್ರಯೋಗ ಎಂದು ಒಂದೂವರೆ ವರ್ಷ ಹಿಡಿಯಿತು. ಮೇಡಂ ಬಾಲವನ್ನು ಬದಲಿಸಿದರು, ಪುಡಿಯನ್ನು ಮೂರರಲ್ಲಿ ಒಂದು ಪಾಲಿಗೆ ಇಳಿಸಿ ದಿನಕ್ಕೆ ನಾಲ್ಕು ಸಲ ಮಾಡಿದರು. ಅರವತ್ತು ದಿನ ಇಲಿಗಳನ್ನು ನೋಡಿದರು. ಗೂಡು ಕೊನೆಯವರೆಗೂ ಉಳಿದವು, ಎಲ್ಲ ಪೆಟ್ಟಿಗೆಯಲ್ಲಿ ಅಲ್ಲ, ಬಹಳಷ್ಟರಲ್ಲಿ. ಆ ಅವಧಿಯಲ್ಲಿ ಪಟ್ಟಿಯಲ್ಲಿದ್ದ ನಾಲ್ವರು ಪುಡಿ ಕಾಣದೆ ತೀರಿಕೊಂಡರು. ಬೀದಿಯಲ್ಲಿ ನನ್ನನ್ನು ಬೈದ ಹೆಂಗಸಿನ ತಮ್ಮನೂ ಅದರಲ್ಲೊಬ್ಬ. ಅವಳು ಇಂದಿಗೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾಳೆ. ತಿರುಗಿಸಲಿ. ನಾನೂ ಅವಳ ಜಾಗದಲ್ಲಿದ್ದರೆ ಹಾಗೇ ಮಾಡುತ್ತಿದ್ದೆನೇನೋ. ಆದರೆ ಆ ಸೋಮವಾರ ಮತ್ತೆ ಬಂದರೆ ಮತ್ತೆ ಇದ್ದಿಲು ಹಿಡಿಯುತ್ತೇನೆ.

ಎಲ್ಲವನ್ನೂ ಓದಿ ಹೇಳಿದ ಮೇಲೆ, ಏನಾದರೂ ಆಗಬಹುದು ಎಂದು ತಿಳಿದ ಮೇಲೆ, ಹತ್ತೊಂಬತ್ತು ಜನ ಸಹಿ ಮಾಡಿದರು. ದಾವಲಸಾಬ ಹೆಬ್ಬೆಟ್ಟು ಒತ್ತಿದರು. ಮೊದಲ ಸಹಿ ನನ್ನ ಗಂಡನದು. ಸಹಿ ಮಾಡಿ ಪೆನ್ನು ಇಡುವಾಗ, ಆ ಸೋಮವಾರದ ನಂತರ ಮೊದಲ ಸಲ ನನ್ನ ಮುಖ ನೋಡಿ, “ಗೊತ್ತಾಗಿ ನಡೀತೇನಿ. ಆತಿಲ್ಲ?” ಎಂದರು. ಈಗ ದಿನಕ್ಕೆ ಏಳು ತಾಸು ಅವರ ಯಂತ್ರ ಓಡುತ್ತದೆ. ಕಟಗೇರಿ ಸಾಹೇಬರು ಮುಂಚಿತವಾಗಿ ನಿವೃತ್ತಿ ತೆಗೆದುಕೊಂಡರು. ಇಪ್ಪತ್ತನೆಯವರಾಗಿ ಅವರು ಬಂದು ಸಹಿ ಮಾಡಿದ್ದು ಆಮೇಲೆ.

ಮೇಡಂ ಸಂಸ್ಥೆಯಲ್ಲೇ ಉಳಿದರು, ನನಗೆ ಮತ್ತೆ ಕೆಲಸ ಸಿಗಲಿಲ್ಲ. ಪುಡಿ ತಿನ್ನುವ ಇಪ್ಪತ್ತು ಜನ ಪ್ರತಿ ಮಂಗಳವಾರ ಬೆಳಿಗ್ಗೆ ನಮ್ಮ ಕಟ್ಟೆಗೆ ಬಂದು ಕೂರುತ್ತಾರೆ. ಚಹಾ ಕುಡಿಯುತ್ತಾರೆ. ನಾನು ಅವರ ದವಡೆ, ಕುತ್ತಿಗೆ, ಕೈ ನೋಡುತ್ತೇನೆ, ನಿದ್ದೆ ಎಷ್ಟಾಯಿತು ಎಂದು ಕೇಳುತ್ತೇನೆ, ಬರೆದುಕೊಳ್ಳುತ್ತೇನೆ. ಸಂಜೆ ಮೇಡಂ ಬಂದು ನಕಲು ಮಾಡಿಕೊಂಡು ಹೋಗುತ್ತಾರೆ.

ಕಳೆದ ತಿಂಗಳು ಸಂಸ್ಥೆಯ ಹೊಸ ಮುಖ್ಯಸ್ಥರಿಂದ ಕಾಗದ ಬಂತು. ಅರ್ಹತೆಯಿಲ್ಲದ ಖಾಸಗಿ ವ್ಯಕ್ತಿಗಳು ರೋಗಿಗಳ ವಿವರ ಬರೆದಿಡುವುದು ನಿಯಮಕ್ಕೆ ವಿರುದ್ಧ, ತಾವು ಇದನ್ನು ತಕ್ಷಣ ನಿಲ್ಲಿಸತಕ್ಕದ್ದು, ಇಲ್ಲವಾದರೆ ಕ್ರಮ ಕೈಗೊಳ್ಳಲಾಗುವುದು ಎಂದಿತ್ತು. ದಪ್ಪನೆಯ ಬಿಳಿ ಕಾಗದ, ಮೇಲೆ ಸಂಸ್ಥೆಯ ಮುದ್ರೆ. ತಿರುಗಿಸಿ ನೋಡಿದೆ, ಹಿಂಬದಿ ಪೂರ್ತಿ ಖಾಲಿ. ಅವತ್ತು ಮಂಗಳವಾರ, ಪುಸ್ತಕದ ಹಾಳೆ ಮುಗಿದಿದ್ದವು, ಕಟ್ಟೆಯ ಮೇಲೆ ಜನ ಕಾಯುತ್ತಿದ್ದರು. ಕಾಗದವನ್ನು ತೊಡೆಯ ಮೇಲೆ ಹರವಿಕೊಂಡು ಗೆರೆ ಹಾಕಿ, ಮೊದಲ ಸಾಲು ಬರೆದೆ:

‘ಗುರುಸಿದ್ದಪ್ಪ. ದವಡೆ ಸರಿ. ಕುತ್ತಿಗೆ ಎಡಕ್ಕೆ, ಸ್ವಲ್ಪ. ನಿದ್ದೆ ಆರು ತಾಸು. ಸಿಟ್ಟು ಇದೆ. ಅದು ಪುಡಿಯದ್ದಲ್ಲ, ಮೊದಲಿನಿಂದಲೂ ಇತ್ತು.’